ಉಳಿದ ಅನ್ನ ತಿಂದ ಹಸು ಮಲಗಿತು, ಅದನ್ನೇ ತಿಂದ ಹಂದಿ ಓಡಾಡುತ್ತಿದೆ: ಇವುಗಳ ಹೊಟ್ಟೆಯಲ್ಲಿ ಅಂಥ ವ್ಯತ್ಯಾಸವೇನಿದೆ?

ಹೊಸನಗರದ ಕೊಟ್ಟಿಗೆ:
ಎಲ್ಲರಿಗೂ ನಮಸ್ಕಾರ. ಭಾನುವಾರ ನಮ್ಮ ಮನೆಯಲ್ಲಿ ಗೃಹಪ್ರವೇಶವಿತ್ತು. ಮಳೆಯಿಂದಾಗಿ ನೆಂಟರಲ್ಲಿ ಅರ್ಧ ಜನ ಬರಲಾಗದೆ ಅನ್ನವೂ ಪಾಯಸವೂ ಬಹಳ ಉಳಿದವು. ಚೆಲ್ಲುವುದಕ್ಕಿಂತ ಹಸುವಿನ ಬಾಯಿಗೆ ಹೋಗಲಿ ಎಂಬ ಒಳ್ಳೆಯ ಮನಸ್ಸಿನಿಂದಲೇ ಮನೆಯವರು ನಮ್ಮ ಜರ್ಸಿ ಮಿಶ್ರತಳಿ ಹಸುವಿಗೆ ಎರಡು ಬಕೆಟ್ ಅನ್ನ ಸುರಿದರು. ನಾನು ಅಂದಾಜು ಮಾಡಿದಂತೆ 15 ಕಿಲೋಗೆ ಕಡಿಮೆಯಿರಲಿಲ್ಲ. ಮಾರನೆಯ ಬೆಳಗ್ಗೆ ಹಸು ಹುಲ್ಲು ಮುಟ್ಟಲಿಲ್ಲ, ಮೆಲುಕು ನಿಂತಿತ್ತು, ಎಡಪಕ್ಕೆಯನ್ನು ಒತ್ತಿದರೆ ಕಲಸಿದ ಹಿಟ್ಟನ್ನು ಒತ್ತಿದಂತಾಗುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಹುಳಿ ವಾಸನೆಯ ನೀರುಸಗಣಿ ಹಾಕಿ ಮಲಗಿಬಿಟ್ಟಿತು. ದಿನಕ್ಕೆ 8 ಲೀಟರ್ ಕರೆಯುತ್ತಿದ್ದ ಹಸು ಒಂದು ಲೋಟ ಹಾಲನ್ನೂ ಕೊಡಲಿಲ್ಲ. ವೈದ್ಯರು ಬಂದು ರಕ್ತನಾಳಕ್ಕೆ ಔಷಧಿ ಮತ್ತು ಸಲೈನ್ ಕೊಟ್ಟು, ಇನ್ನೆರಡು ದಿನ ಕಾಯಬೇಕೆಂದು ಹೇಳಿ ಹೋಗಿದ್ದಾರೆ.

ನನ್ನನ್ನು ಕಾಡುತ್ತಿರುವ ಪ್ರಶ್ನೆ ಬೇರೆ. ಅದೇ ಅನ್ನವನ್ನು ಪಕ್ಕದ ಮನೆಯವರು ತಮ್ಮ ಹಂದಿಗಳಿಗೆ ಹಾಕಿದರು, ನಮ್ಮ ಕೋಳಿಗಳು ತಿಂದವು, ನಾಯಿಯೂ ತಿಂದಿತು. ಯಾವುದಕ್ಕೂ ಏನೂ ಆಗಲಿಲ್ಲ. ಇಷ್ಟು ದೊಡ್ಡ ಹೊಟ್ಟೆಯ ಹಸುವಿಗೆ ಮಾತ್ರ ಅನ್ನ ವಿಷವಾಗುವುದು ಹೇಗೆ?

ಬ್ಯಾಣದ ಅಂಚು, ತೀರ್ಥಹಳ್ಳಿ:
ತಮ್ಮಾ, ಮೊದಲು ಇದನ್ನು ಹೇಳಿ: ಹಸು ನೀರು ಕುಡಿಯುತ್ತಿದೆಯೇ? ಕಣ್ಣು ಗುಳಿ ಬಿದ್ದಿದೆಯೇ? ಮಲಗಿರುವ ಹಸುವಿಗೆ ಬಿದಿರ ಗೊಟ್ಟದಲ್ಲಿ ಏನನ್ನೂ ಕುಡಿಸಬೇಡಿ, ಶ್ವಾಸಕೋಶಕ್ಕೆ ಇಳಿದರೆ ಉಳಿಯುವುದಿಲ್ಲ.

ಮಂಡಗದ್ದೆ ಕೃಷಿಕ:
ನನಗೆ ಇದನ್ನು ಪೂರ್ತಿ ಒಪ್ಪಲು ಆಗುತ್ತಿಲ್ಲ. ನಮ್ಮ ಅಜ್ಜನ ಕಾಲದಿಂದಲೂ ಹಸುವಿಗೆ ಕಲಗಚ್ಚು, ಗಂಜಿ, ಉಳಿದ ಅನ್ನ ಎಲ್ಲವನ್ನೂ ಕೊಡುತ್ತ ಬಂದಿದ್ದೇವೆ. ಕೊಟ್ಟಿಗೆಯಲ್ಲಿ 20 ದನಗಳಿದ್ದವು, ಒಂದೂ ಹೀಗೆ ಮಲಗಿದ್ದನ್ನು ನೋಡಿಲ್ಲ. ಈಗಿನ ಮಿಶ್ರತಳಿಗಳಿಗೆ ತಾಳಿಕೆಯಿಲ್ಲ ಎಂಬುದೇ ನಿಜವಾದ ಕಾರಣವಿರಬೇಕು.

ನಿವೃತ್ತ ಪಶುವೈದ್ಯ, ಸಾಗರ:
ಹೊಸನಗರದವರೇ, ನಿಮ್ಮ ಪ್ರಶ್ನೆ ಬಹಳ ಮುಖ್ಯವಾದದ್ದು. ಮದುವೆ, ಗೃಹಪ್ರವೇಶ, ಹಬ್ಬಗಳ ಮರುದಿನ ನನಗೆ ಬರುತ್ತಿದ್ದ ಕರೆಗಳಲ್ಲಿ ಇದೇ ತೊಂದರೆ ಹೆಚ್ಚಾಗಿರುತ್ತಿತ್ತು, ಆದ್ದರಿಂದ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ.

ಹಂದಿಯ ಹೊಟ್ಟೆ ನಮ್ಮ ಹೊಟ್ಟೆಯ ಹಾಗೆಯೇ ಇದೆ. ಒಂದೇ ಜಠರ, ಅದರಲ್ಲಿ ಆಮ್ಲ, ಅದರ ಮುಂದೆ ಉದ್ದನೆಯ ಸಣ್ಣ ಕರುಳು. ಅನ್ನದ ಪಿಷ್ಟವನ್ನು ಹಂದಿ ತನ್ನದೇ ಕಿಣ್ವಗಳಿಂದ ಒಡೆದು ಸಕ್ಕರೆಯಾಗಿಸಿ ಸಣ್ಣ ಕರುಳಿನಲ್ಲಿ ಹೀರಿಕೊಳ್ಳುತ್ತದೆ, ಆ ಕೆಲಸ ಅದರ ಬಾಯಿಯ ಜೊಲ್ಲಿನಿಂದಲೇ ಶುರುವಾಗುತ್ತದೆ. ಹಸುವಿನ ಜೊಲ್ಲಿನಲ್ಲಿ ಪಿಷ್ಟ ಒಡೆಯುವ ಕಿಣ್ವವೇ ಇಲ್ಲ. ಅದು ತಿಂದದ್ದೆಲ್ಲ ಮೊದಲು ಹೋಗುವುದು ರೂಮೆನ್ ಎಂಬ ದೊಡ್ಡ ಚೀಲಕ್ಕೆ. ದೊಡ್ಡ ಮಿಶ್ರತಳಿ ಹಸುವಿನಲ್ಲಿ ಇದು ನೂರು ಲೀಟರಿಗೂ ಮೀರಿ ಹಿಡಿಸುತ್ತದೆ ಮತ್ತು ಹೊಟ್ಟೆಯ ಎಡಭಾಗವನ್ನು ಪೂರ್ತಿ ತುಂಬಿಕೊಂಡಿರುತ್ತದೆ. ಈ ಚೀಲ ಜೀರ್ಣರಸವನ್ನು ಸುರಿಸುವುದಿಲ್ಲ. ಅಲ್ಲಿ ಕೆಲಸ ಮಾಡುವುದು ಸೂಕ್ಷ್ಮಜೀವಿಗಳು: ಒಂದು ಮಿಲಿಲೀಟರ್ ರಸದಲ್ಲಿ ಸಾವಿರ ಕೋಟಿಯ ಆಸುಪಾಸಿನಲ್ಲಿ ಬ್ಯಾಕ್ಟೀರಿಯಾಗಳು, ಲಕ್ಷಗಟ್ಟಲೆ ಪ್ರೋಟೊಜೋವಾಗಳು, ಜೊತೆಗೆ ಶಿಲೀಂಧ್ರಗಳು. ಒಣಹುಲ್ಲಿನ ನಾರನ್ನು ಒಡೆಯುವ ಕಿಣ್ವ ಹಸುವಿಗಿಲ್ಲ, ಇವುಗಳಿಗಿದೆ. ಇವು ನಾರನ್ನು ಹುದುಗಿಸಿ ಬಿಡುವ ಅಸಿಟಿಕ್, ಪ್ರೊಪಿಯೋನಿಕ್, ಬ್ಯುಟಿರಿಕ್ ಆಮ್ಲಗಳನ್ನು ರೂಮೆನ್ನಿನ ಗೋಡೆ ಹೀರಿಕೊಳ್ಳುತ್ತದೆ. ಹಸುವಿಗೆ ಬೇಕಾದ ಶಕ್ತಿಯಲ್ಲಿ ನೂರಕ್ಕೆ ಸುಮಾರು 70 ಭಾಗ ಈ ಆಮ್ಲಗಳಿಂದಲೇ ಬರುತ್ತದೆ. ಅಂದರೆ ನಾವು ಮೇವು ಹಾಕುವುದು ಸೂಕ್ಷ್ಮಜೀವಿಗಳಿಗೆ, ಅವು ಹಸುವಿಗೆ ಉಣಬಡಿಸುತ್ತವೆ.

ಇಂಥ ಚೀಲಕ್ಕೆ ಒಮ್ಮೆಲೇ ಎರಡು ಬಕೆಟ್ ಬೆಂದ ಅನ್ನ ಬಿದ್ದಾಗ ನಾರು ಒಡೆಯುವ ನಿಧಾನದ ಜೀವಿಗಳಿಗಿಂತ ಪಿಷ್ಟ ತಿನ್ನುವ ವೇಗದ ಜೀವಿಗಳು ಮುಂದಾಗಿ, ಕೆಲವೇ ಗಂಟೆಗಳಲ್ಲಿ ಲ್ಯಾಕ್ಟಿಕ್ ಆಮ್ಲವನ್ನು ರಾಶಿ ಹಾಕುತ್ತವೆ. ಸಾಮಾನ್ಯವಾಗಿ 6 ರಿಂದ 7ರ ನಡುವೆ ಇರುವ ಪಿಎಚ್ (ಹುಳಿಯ ಅಳತೆ, ಇಳಿದಷ್ಟೂ ಹುಳಿ ಹೆಚ್ಚು) 5ಕ್ಕಿಂತ ಕೆಳಗಿಳಿದಾಗ ಒಳ್ಳೆಯ ಜೀವಿಗಳು ಸಾಯುತ್ತವೆ, ರೂಮೆನ್ ಚಲನೆ ನಿಲ್ಲುತ್ತದೆ, ದೇಹದ ನೀರು ರಕ್ತದಿಂದ ರೂಮೆನ್ನಿಗೆ ಸೆಳೆಯಲ್ಪಡುತ್ತದೆ. ಕಣ್ಣು ಗುಳಿ ಬೀಳುವುದು, ನೀರುಸಗಣಿ, ಏಳಲಾಗದೆ ಮಲಗುವುದು ಎಲ್ಲವೂ ಇದರ ಪರಿಣಾಮ. ಹಂದಿಗೆ ಇದು ಆಗದಿರುವುದಕ್ಕೆ ಅದರ ತಾಳಿಕೆ ಕಾರಣವಲ್ಲ. ಅನ್ನ ಅದರ ಹೊಟ್ಟೆಯಲ್ಲಿ ಹುದುಗುವ ಮೊದಲೇ ಜೀರ್ಣವಾಗಿಹೋಗುತ್ತದೆ. ಹಸುವಿನಲ್ಲಿ ಹುದುಗುವುದೇ ಮೊದಲ ಕೆಲಸ.

ಇನ್ನು ನಿಮ್ಮ ಹಸು ಎದ್ದ ಮೇಲೆ ಎರಡು ವಿಷಯ ಗಮನಿಸಿ. ಮೆಲುಕು ಮರಳಿದಾಗ ಒಂದು ತುತ್ತನ್ನು ಎಷ್ಟು ಸಲ ಜಗಿಯುತ್ತದೆ ಎಂದು ಎಣಿಸಿ, 40ಕ್ಕಿಂತ ಮೇಲಿದ್ದರೆ ರೂಮೆನ್ ಸರಿಹೋಗುತ್ತಿದೆ ಎಂದು ತಿಳಿಯಬಹುದು. ಎರಡನೆಯದಾಗಿ, ಮುಂದಿನ ಕೆಲವು ವಾರ ಗೊರಸುಗಳನ್ನು ನೋಡುತ್ತಿರಿ. ಈ ಆಮ್ಲತೆಯ ನಂತರ ಗೊರಸಿನ ಒಳಪದರಕ್ಕೆ ಉರಿಯೂತ ಬಂದು ಹಸು ಕುಂಟುವುದುಂಟು.

ಗೋಬರ್ ಗ್ಯಾಸ್, ಕೊಪ್ಪ:
ಡಾಕ್ಟರ್ ಹೇಳಿದ್ದು ಓದಿದಾಗ ನಮ್ಮ ಮನೆಯ ಗೋಬರ್ ಗ್ಯಾಸ್ ಗುಂಡಿ ನೆನಪಾಯಿತು. ಮೂರು ವರ್ಷದ ಹಿಂದೆ ಸತ್ಯನಾರಾಯಣ ಪೂಜೆಯ ಮರುದಿನ ಉಳಿದ ಅನ್ನವನ್ನೆಲ್ಲ ಗುಂಡಿಗೆ ಸುರಿದೆವು, ಗ್ಯಾಸ್ ಹೆಚ್ಚು ಬರುತ್ತದೆಂಬ ಆಸೆಯಿಂದ. ಒಂದು ದಿನ ಒಲೆ ಜೋರಾಗಿ ಉರಿಯಿತು, ಆಮೇಲೆ ಹತ್ತು ದಿನ ಹುಳಿ ನಾತ ಮಾತ್ರ ಬಂದು ಉರಿ ನಿಂತೇಹೋಯಿತು. ಅನ್ನ ಹಾಕುವುದನ್ನು ನಿಲ್ಲಿಸಿ, ಸುಣ್ಣದ ನೀರು ಸ್ವಲ್ಪ ಬಿಟ್ಟು, ಹೊಸ ಸಗಣಿಯನ್ನು ದಿನವೂ ಹಾಕಿದ ಮೇಲೆ ಸರಿಯಾಯಿತು. ಹಸುವಿನೊಳಗೆ ಆಗಿರುವುದೂ ಇದೇ ಅಲ್ಲವೇ?

ನಿವೃತ್ತ ಪಶುವೈದ್ಯ, ಸಾಗರ:
ಅಕ್ಷರಶಃ ಇದೇ. ಮೀಥೇನ್ ಮಾಡುವ ಜೀವಿಗಳು ಎರಡು ಕಡೆಯೂ ಇವೆ, ಹಸು ಆ ಅನಿಲವನ್ನು ತೇಗಿ ಹೊರಹಾಕುತ್ತದೆ. ನಿಮ್ಮ ಸುಣ್ಣದ ಜಾಗದಲ್ಲಿ ನಾವು ಸೋಡಾ ಬೈಕಾರ್ಬನೇಟ್ ಕೊಡುತ್ತೇವೆ, ನಿಮ್ಮ ಹೊಸ ಸಗಣಿಯ ಜಾಗದಲ್ಲಿ ಆರೋಗ್ಯವಂತ ಹಸುವಿನ ರೂಮೆನ್ ರಸವನ್ನು ನಳಿಗೆಯ ಮೂಲಕ ಹಾಕುತ್ತೇವೆ. ತೀರಾ ಕೈಮೀರಿದರೆ ಎಡಪಕ್ಕೆಯನ್ನು ಕೊಯ್ದು ಒಳಗಿರುವುದನ್ನೆಲ್ಲ ಹೊರತೆಗೆಯಬೇಕಾಗುತ್ತದೆ.

ಬ್ಯಾಣದ ಅಂಚು, ತೀರ್ಥಹಳ್ಳಿ:
ಮಂಡಗದ್ದೆಯವರು ಕೇಳಿದ್ದಕ್ಕೆ ನನ್ನ ಅನುಭವ ಹೇಳುತ್ತೇನೆ. ನಮ್ಮ ಅತ್ತೆಯವರೂ ಕಲಗಚ್ಚು ಕೊಡುತ್ತಿದ್ದರು, ಆದರೆ ಒಂದು ಕಟ್ಟು ಹುಲ್ಲು ತಿಂದು ಮುಗಿಸುವವರೆಗೆ ಬಾನಿಯನ್ನು ಕೊಟ್ಟಿಗೆಯೊಳಕ್ಕೆ ತರುತ್ತಿರಲಿಲ್ಲ. ಆ ಕಲಗಚ್ಚಿನಲ್ಲಿ ಅಕ್ಕಿ ತೊಳೆದ ನೀರು, ತರಕಾರಿ ಸಿಪ್ಪೆ, ಒಂದೆರಡು ಹಿಡಿ ಅನ್ನವಿರುತ್ತಿತ್ತು. ಎರಡು ಬಕೆಟ್ ಗಟ್ಟಿ ಅನ್ನವನ್ನು ಅಜ್ಜನ ಕಾಲದಲ್ಲಿ ಯಾರೂ ದನಕ್ಕೆ ಹಾಕಿರಲಾರರು, ಏಕೆಂದರೆ ಅಷ್ಟು ಅನ್ನ ಯಾರ ಮನೆಯಲ್ಲೂ ಉಳಿಯುತ್ತಿರಲಿಲ್ಲ.

ಮಂಡಗದ್ದೆ ಕೃಷಿಕ:
ಅಕ್ಕಾ, ಈ ಮಾತನ್ನು ಒಪ್ಪುತ್ತೇನೆ. ಆದರೂ ಮಲೆನಾಡು ಗಿಡ್ಡಕ್ಕೆ ತಾಳಿಕೆ ಹೆಚ್ಚು ಎಂಬ ನನ್ನ ಮಾತು ಸುಳ್ಳಾಗುವುದಿಲ್ಲ. ನೂರು ಕಿಲೋ ಆಸುಪಾಸು ತೂಗುವ ಆ ದನಗಳು ಕಾಡಿನ ಸೊಪ್ಪು, ದರಕು, ಗುಡ್ಡದ ಹುಲ್ಲು ತಿಂದುಕೊಂಡು ಮಳೆಗಾಲವನ್ನೇ ಕಳೆಯುತ್ತವೆ.

ಪಶುವೈದ್ಯ ವಿದ್ಯಾರ್ಥಿನಿ, ಶಿವಮೊಗ್ಗ:
ಗಿಡ್ಡ ತಳಿಯ ಬಗ್ಗೆ ನಿಮಗಿರುವ ಅಭಿಮಾನ ನನಗೂ ಇದೆ, ಆದರೆ ಇಲ್ಲಿ ಎರಡು ವಿಷಯಗಳು ಬೆರೆಯುತ್ತಿವೆ. ಒರಟು ಮೇವಿನಲ್ಲಿ ಬದುಕುವ ಶಕ್ತಿ ಒಂದು, ಪಿಷ್ಟವನ್ನು ತಾಳುವ ಶಕ್ತಿ ಮತ್ತೊಂದು. ಯಾವಾಗಲೂ ನಾರನ್ನೇ ತಿನ್ನುವ ದನದ ರೂಮೆನ್ನಿನಲ್ಲಿ ಲ್ಯಾಕ್ಟಿಕ್ ಆಮ್ಲವನ್ನು ಕರಗಿಸುವ ಜೀವಿಗಳು ಕಡಿಮೆಯಿರುತ್ತವೆ, ಆದ್ದರಿಂದ ಕಾಡಿನಿಂದ ಬಂದ ಗಿಡ್ಡಕ್ಕೆ ಅನ್ನದ ಬಕೆಟ್ ಇನ್ನೂ ಅಪಾಯಕಾರಿ. ದಿನವೂ ಸ್ವಲ್ಪ ಹಿಂಡಿ, ಬೂಸಾ, ನುಚ್ಚು ತಿಂದು ರೂಢಿಯಾದ ಹಸುವಿನ ಸೂಕ್ಷ್ಮಜೀವಿಗಳು ಆ ಆಹಾರಕ್ಕೆ ಹೊಂದಿಕೊಂಡಿರುತ್ತವೆ. ಹೊಂದಿಕೊಳ್ಳಲು ಅವುಗಳಿಗೆ ಎರಡು ಮೂರು ವಾರ ಬೇಕು. ಯಾವ ಮೇವನ್ನಾದರೂ ನಿಧಾನವಾಗಿ ಬದಲಿಸಬೇಕು ಎಂದು ನಮಗೆ ಮತ್ತೆಮತ್ತೆ ಕಲಿಸುವುದು ಇದೇ ಕಾರಣಕ್ಕೆ.

ಡೇರಿಗೆ ಹಾಲು ಹಾಕುವವರಿಗೆ ಇನ್ನೊಂದು ಮಾತು. ಹಾಲಿನ ಕೊಬ್ಬು ಬಹುಮಟ್ಟಿಗೆ ನಾರಿನಿಂದ ಹುಟ್ಟುವ ಅಸಿಟಿಕ್ ಆಮ್ಲವನ್ನು ಅವಲಂಬಿಸಿದೆ. ಹಿಂಡಿ ಹೆಚ್ಚಿಸಿ ಹುಲ್ಲು ಕಡಿಮೆ ಮಾಡಿದ ವಾರವೇ ಹಾಲು ಹೆಚ್ಚಾಗಿ ಫ್ಯಾಟ್ ಇಳಿಯುತ್ತದೆ. ಆಗ ಅಳತೆ ಮಾಡುವವರ ಮೇಲೆ ಅನುಮಾನಪಡುವ ಮೊದಲು ಹುಲ್ಲಿನ ಕಟ್ಟು ಎಷ್ಟಿದೆ ಎಂದು ನೋಡುವುದು ಒಳಿತು.

ಸೊರಬದ ಭತ್ತ:
ಈ ಫ್ಯಾಟ್ ವಿಷಯ ನನಗೆ ಗೊತ್ತೇ ಇರಲಿಲ್ಲ. ಮಳೆಗಾಲದಲ್ಲಿ ಎಳೆಹುಲ್ಲು ತಿಂದಾಗ ಫ್ಯಾಟ್ ಇಳಿಯುವುದಕ್ಕೂ ಇದೇ ಕಾರಣವೇ?

ಪಶುವೈದ್ಯ ವಿದ್ಯಾರ್ಥಿನಿ, ಶಿವಮೊಗ್ಗ:
ಹೌದು, ಎಳೆಹುಲ್ಲಿನಲ್ಲಿ ನೀರು ಹೆಚ್ಚು, ಗಟ್ಟಿ ನಾರು ಕಡಿಮೆ. ಮೆಲುಕು ಕಡಿಮೆಯಾದರೆ ಜೊಲ್ಲೂ ಕಡಿಮೆಯಾಗುತ್ತದೆ. ಹಸು ದಿನಕ್ಕೆ ನೂರು ಲೀಟರಿಗೂ ಹೆಚ್ಚು ಜೊಲ್ಲು ಸುರಿಸಬಲ್ಲದು ಮತ್ತು ಅದರಲ್ಲಿ ಸೋಡಾದ ಅಂಶವಿರುತ್ತದೆ. ರೂಮೆನ್ನಿನ ಹುಳಿಯನ್ನು ಹದ್ದಿನಲ್ಲಿಡುವ ಮೊದಲ ಔಷಧಿ ಅದರದೇ ಬಾಯಲ್ಲಿದೆ. ಬೆಳಗ್ಗೆ ಮೇಯಲು ಬಿಡುವ ಮುಂಚೆ ಒಂದು ಹೊರೆ ಒಣಹುಲ್ಲು ಹಾಕಿ ನೋಡಿ.

ಕೋಳಿಗೂಡು, ಭದ್ರಾವತಿ:
ಎಲ್ಲರೂ ಹಸುವಿನ ಬಗ್ಗೆಯೇ ಬರೆಯುತ್ತಿದ್ದೀರಿ, ಹೊಸನಗರದವರು ಕೋಳಿಯ ವಿಷಯವನ್ನೂ ಕೇಳಿದ್ದಾರೆ. ಕೋಳಿಗೆ ಹಲ್ಲಿಲ್ಲ. ಕಾಳು ಮೊದಲು ಕತ್ತಿನ ಬುಡದ ಚೀಲದಲ್ಲಿ ಕೂತು ನೆನೆಯುತ್ತದೆ, ಸಂಜೆ ಗೂಡಿಗೆ ಬರುವ ಕೋಳಿಯ ಎದೆಯ ಮೇಲೆ ಗುಂಡಾಗಿ ಕಾಣುವುದು ಅದೇ. ಅಲ್ಲಿಂದ ಆಮ್ಲ ಸುರಿಸುವ ಸಣ್ಣ ಜಠರ, ಆಮೇಲೆ ದಪ್ಪ ಮಾಂಸದ ಗಿಜರ್ಡ್. ಕೋಳಿ ಶುಚಿಮಾಡುವವರು ಅದನ್ನು ಸೀಳಿದಾಗ ಒಳಗೆ ಹಳದಿ ಪೊರೆಯನ್ನೂ ಸಣ್ಣ ಹರಳುಗಳನ್ನೂ ಕಂಡಿರುತ್ತಾರೆ. ಆ ಹರಳುಗಳೇ ಅದರ ಬೀಸುವ ಕಲ್ಲು. ಇಡೀ ಪಯಣ ಕೆಲವೇ ಗಂಟೆಗಳಲ್ಲಿ ಮುಗಿಯುತ್ತದೆ, ಹಸುವಿನಲ್ಲಿ ಒರಟು ಹುಲ್ಲು ಹೊರಬರಲು ಎರಡು ಮೂರು ದಿನ ಬೇಕು. ಹಾಗಾಗಿ ಅನ್ನ ಕೋಳಿಯೊಳಗೆ ಹುದುಗುತ್ತ ಕೂರುವುದಿಲ್ಲ.

ಸೊರಬದ ಭತ್ತ:
ಹಾಗಾದರೆ ಫಾರಂ ಕೋಳಿಗಳಿಗೂ ಕಲ್ಲು ಹಾಕಬೇಕೇ? ನಮ್ಮ ಊರಿನಲ್ಲಿ ಕಪ್ಪೆಚಿಪ್ಪಿನ ಪುಡಿ ಹಾಕಿದರೆ ಅದೇ ಸಾಕು ಎನ್ನುತ್ತಾರೆ.

ಕೋಳಿಗೂಡು, ಭದ್ರಾವತಿ:
ಎರಡೂ ಬೇರೆ. ಚಿಪ್ಪಿನ ಪುಡಿ ಹೊಟ್ಟೆಯ ಆಮ್ಲದಲ್ಲಿ ಕರಗಿ ಸುಣ್ಣದ ಅಂಶವಾಗಿ ಮೊಟ್ಟೆಯ ಸಿಪ್ಪೆಗೆ ಸೇರುತ್ತದೆ, ಬೀಸುವ ಕೆಲಸಕ್ಕೆ ಕರಗದ ಹರಳೇ ಬೇಕು. ಹಿಟ್ಟಿನಂತೆ ಅರೆದ ಆಹಾರ ತಿನ್ನುವ ಫಾರಂ ಕೋಳಿಗಳಿಗೆ ಹರಳಿನ ಅಗತ್ಯ ಅಷ್ಟಿಲ್ಲ. ಹಿತ್ತಿಲಲ್ಲಿ ಓಡಾಡುವ ನಾಟಿ ಕೋಳಿಗಳು ತಾವೇ ಹುಡುಕಿಕೊಳ್ಳುತ್ತವೆ. ಇಡೀ ಭತ್ತ ಹಾಕಿ ಗೂಡಿನಲ್ಲೇ ಕೂಡಿಹಾಕುವವರು ಮಾತ್ರ ಹರಳು ಕೊಡಬೇಕು.

ಗಾಜನೂರು ದಾರಿ:
ನಾನು ಸಕ್ರೆಬೈಲಿನ ಆನೆ ಬಿಡಾರದ ಹತ್ತಿರದವನು. ಚಿಕ್ಕಂದಿನಿಂದ ಒಂದು ವಿಷಯ ಗಮನಿಸುತ್ತ ಬಂದಿದ್ದೇನೆ. ನಮ್ಮ ಕನ್ನಡದಲ್ಲಿ ಹಸು, ಎಮ್ಮೆ ಹಾಕುವುದು ಸಗಣಿ, ಕುರಿ, ಆಡು, ಮೊಲ ಹಾಕುವುದು ಹಿಕ್ಕೆ, ಕುದುರೆ, ಕತ್ತೆ, ಆನೆ ಹಾಕುವುದು ಲದ್ದಿ. ಹೆಸರು ಬೇರೆಯಾದದ್ದು ಸುಮ್ಮನೆ ಅಲ್ಲ ಎಂದು ಈ ಚರ್ಚೆ ಓದಿದ ಮೇಲೆ ಅನಿಸುತ್ತಿದೆ. ಸಗಣಿಯನ್ನು ಕೈಯಲ್ಲಿ ಹಿಸುಕಿದರೆ ನುಣ್ಣಗಿರುತ್ತದೆ, ಆದ್ದರಿಂದಲೇ ಅಂಗಳ ಸಾರಿಸಲು ಬರುತ್ತದೆ. ಆನೆಯ ಲದ್ದಿಯನ್ನು ಬಿಡಿಸಿದರೆ ಹುಲ್ಲಿನ ಎಳೆ, ಬೈನೆಯ ನಾರು, ಕೆಲವೊಮ್ಮೆ ಇಡೀ ಬೀಜ ಹಾಗೆಯೇ ಸಿಗುತ್ತವೆ. ಅಷ್ಟು ದೊಡ್ಡ ಪ್ರಾಣಿಗೆ ಜೀರ್ಣಶಕ್ತಿ ಕಡಿಮೆಯೇ?

ನಿವೃತ್ತ ಪಶುವೈದ್ಯ, ಸಾಗರ:
ಎಷ್ಟು ಚೆಂದದ ಗಮನಿಕೆ! ನಲವತ್ತು ವರ್ಷ ಈ ಕೆಲಸ ಮಾಡಿದ ನನಗೆ ಮೂರು ಪದಗಳನ್ನು ಹೀಗೆ ಜೋಡಿಸಿ ನೋಡಬೇಕೆಂದು ಹೊಳೆದಿರಲಿಲ್ಲ.

ಲದ್ದಿ ಹಾಕುವ ಮೂರೂ ಪ್ರಾಣಿಗಳಿಗೆ ಒಂದೇ ಜಠರ, ಅವು ಮೆಲುಕು ಹಾಕುವುದಿಲ್ಲ. ಅವುಗಳಲ್ಲೂ ನಾರು ಹುದುಗುತ್ತದೆ, ಆದರೆ ಮುಂದಿನ ಚೀಲದಲ್ಲಲ್ಲ, ಹಿಂದೆ, ದೊಡ್ಡ ಕರುಳಿನಲ್ಲಿ ಮತ್ತು ಅದರ ಆರಂಭದಲ್ಲಿರುವ ಸೀಕಮ್ ಎಂಬ ಚೀಲದಲ್ಲಿ. ಕುದುರೆಯ ಜಠರ 8 ರಿಂದ 15 ಲೀಟರ್ ಮಾತ್ರ, ಸೀಕಮ್ ಅದರ ಎರಡು ಪಟ್ಟು. ತಿಂದದ್ದನ್ನು ಮತ್ತೆ ಬಾಯಿಗೆ ತಂದು ಅರೆಯುವ ಅವಕಾಶವಿಲ್ಲದ ಕಾರಣ ಎಳೆಗಳು ಉದ್ದವಾಗಿಯೇ ಉಳಿಯುತ್ತವೆ. ಆನೆ ತಿಂದದ್ದರಲ್ಲಿ ಅರ್ಧದಷ್ಟನ್ನೂ ಜೀರ್ಣಿಸಿಕೊಳ್ಳುವುದಿಲ್ಲ. ಅದರ ದಾರಿಯೇ ಬೇರೆ: ಬಹಳ ತಿನ್ನುವುದು, ಬೇಗ ಮುಂದೆ ಕಳಿಸುವುದು. ಹಸು ಕಡಿಮೆ ತಿಂದು ಹೆಚ್ಚು ಹೊತ್ತು ಇಟ್ಟುಕೊಳ್ಳುತ್ತದೆ. ಕುರಿ ಮತ್ತು ಆಡುಗಳ ಹಿಕ್ಕೆ ಒಣಗಿ ಗುಂಡಾಗಿರುವುದಕ್ಕೆ ಅವುಗಳ ಕರುಳಿನ ಕೊನೆಯ ಭಾಗ ನೀರನ್ನು ಚೆನ್ನಾಗಿ ಹಿಂಡಿಕೊಳ್ಳುವುದು ಕಾರಣ.

ಮಂಡಗದ್ದೆ ಕೃಷಿಕ:
ಕುದುರೆಯೂ ಮಧ್ಯಾಹ್ನ ನಿಂತಲ್ಲೇ ಬಾಯಾಡಿಸುವುದನ್ನು ನಾನು ನೋಡಿದ್ದೇನೆ. ಅದು ಮೆಲುಕಲ್ಲವೇ?

ನಿವೃತ್ತ ಪಶುವೈದ್ಯ, ಸಾಗರ:
ಅಲ್ಲ. ಕುದುರೆಯ ಜಠರದ ಬಾಯಿಯಲ್ಲಿರುವ ಸ್ನಾಯು ಎಷ್ಟು ಬಿಗಿಯೆಂದರೆ ಅದಕ್ಕೆ ವಾಂತಿ ಮಾಡಲೂ ಬಾರದು, ಇನ್ನು ಮೆಲುಕಿಗೆ ತುತ್ತು ಮೇಲೆ ಬರುವುದು ಹೇಗೆ? ಹೊಟ್ಟೆನೋವು ಬಂದ ಕುದುರೆ ಬೇಗ ಸಾಯುವುದಕ್ಕೆ ಇದೂ ಒಂದು ಕಾರಣ. ನೀವು ನೋಡಿದ್ದು ಹಲ್ಲಿನ ತೊಂದರೆಯೋ ಬಾಯಲ್ಲಿ ಉಳಿದ ಹುಲ್ಲೋ ಇರಬೇಕು.

ಪಶುವೈದ್ಯ ವಿದ್ಯಾರ್ಥಿನಿ, ಶಿವಮೊಗ್ಗ:
ಸರ್, ಮುಂದೆ ಹುದುಗುವುದಕ್ಕೂ ಹಿಂದೆ ಹುದುಗುವುದಕ್ಕೂ ಇನ್ನೊಂದು ದೊಡ್ಡ ವ್ಯತ್ಯಾಸವಿದೆ, ಅದನ್ನೂ ಸೇರಿಸುತ್ತೇನೆ. ಸೂಕ್ಷ್ಮಜೀವಿಗಳ ಮೈಯೇ ಒಳ್ಳೆಯ ಪ್ರೋಟೀನ್. ಹಸುವಿನಲ್ಲಿ ಅವು ರೂಮೆನ್ನಿನಿಂದ ಜಾಲರಿಯಂತಿರುವ ರೆಟಿಕ್ಯುಲಮ್, ಪುಸ್ತಕದ ಹಾಳೆಗಳಂತಿರುವ ಓಮೇಸಮ್ ದಾಟಿ, ಆಮ್ಲವಿರುವ ನಾಲ್ಕನೆಯ ಹೊಟ್ಟೆಯಾದ ಅಬೊಮೇಸಮ್ ತಲುಪುತ್ತವೆ. ಅಲ್ಲಿ ಹಸು ಅವುಗಳನ್ನೇ ಜೀರ್ಣಿಸಿಕೊಳ್ಳುತ್ತದೆ. ಕುದುರೆಯಲ್ಲಿ ಅವು ಹುಟ್ಟುವುದೇ ಸಣ್ಣ ಕರುಳಿನ ನಂತರ, ಆದ್ದರಿಂದ ಆ ಪ್ರೋಟೀನಿನ ಬಹುಭಾಗ ಲದ್ದಿಯ ಜೊತೆ ಹೊರಹೋಗುತ್ತದೆ. ಮೊಲಕ್ಕೂ ಇದೇ ತೊಂದರೆಯಿತ್ತು, ಆದರೆ ಅದು ದಾರಿ ಕಂಡುಕೊಂಡಿದೆ. ಮೊಲ ಎರಡು ಬಗೆಯ ಹಿಕ್ಕೆ ಹಾಕುತ್ತದೆ. ಗಟ್ಟಿಯಾದದ್ದು ನಮಗೆ ಕಾಣುತ್ತದೆ. ಮೆತ್ತಗಿನ, ಅಂಟುಪೊರೆಯ ಇನ್ನೊಂದನ್ನು ಅದು ಗುದದಿಂದಲೇ ನೇರವಾಗಿ ಬಾಯಿಗೆ ತೆಗೆದುಕೊಂಡು ನುಂಗುತ್ತದೆ.

ಬ್ಯಾಣದ ಅಂಚು, ತೀರ್ಥಹಳ್ಳಿ:
ನಮ್ಮ ಮಗಳು ಮೊಲ ಸಾಕಿದಾಗ ಇದನ್ನು ಕಂಡು ಅದಕ್ಕೆ ರೋಗ ಬಂದಿದೆಯೆಂದು ಅತ್ತಿದ್ದಳು. ಇದನ್ನು ಅವಳಿಗೆ ಓದಿ ಹೇಳುತ್ತೇನೆ.

ಶಿಕಾರಿಪುರದ ಆಡು:
ಹಸುವನ್ನು ಬಿಟ್ಟು ಆಡು ಸಾಕಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಅದೂ ನಾಲ್ಕು ಹೊಟ್ಟೆಯ ಪ್ರಾಣಿಯೇ, ಆದರೆ ತಿನ್ನುವ ರೀತಿ ಬೇರೆ. "ಆಡು ಮುಟ್ಟದ ಸೊಪ್ಪಿಲ್ಲ" ಎಂಬ ಗಾದೆಯನ್ನು ಜನ ತಪ್ಪಾಗಿ ತಿಳಿದಿದ್ದಾರೆ. ಆಡು ಎಲ್ಲ ಸೊಪ್ಪನ್ನೂ ಮುಟ್ಟುತ್ತದೆ ನಿಜ, ಹೊಟ್ಟೆ ತುಂಬ ತಿನ್ನುವುದಿಲ್ಲ. ಒಂದು ಗಿಡದಿಂದ ನಾಲ್ಕು ಎಲೆ, ಇನ್ನೊಂದರಿಂದ ಎರಡು ಚಿಗುರು. ಅದರ ಮೇಲ್ತುಟಿ ಬೆರಳಿನಂತೆ ಕೆಲಸ ಮಾಡುತ್ತದೆ. ಹಸು ಹುಲ್ಲನ್ನು ನಾಲಗೆಯಿಂದ ಸುತ್ತಿ ಸೆಳೆದು ಸರಿಯಾಗಿ ಅಗಿಯದೆ ನುಂಗುತ್ತದೆ, ಮೊಳೆಯಿದ್ದರೂ ಅದಕ್ಕೆ ತಿಳಿಯುವುದಿಲ್ಲ. ಹಲಸಿನ ಸೊಪ್ಪಿನ ಒಗರನ್ನು ಆಡು ಹಸುವಿಗಿಂತ ಚೆನ್ನಾಗಿ ತಾಳಿಕೊಳ್ಳುತ್ತದೆ.

ನಿವೃತ್ತ ಪಶುವೈದ್ಯ, ಸಾಗರ:
ಗಾದೆಯ ವಿವರಣೆ ಸರಿಯಾಗಿದೆ. ಆದರೆ ಭತ್ತದ ರಾಶಿಗೆ ನುಗ್ಗಿದ ಆಡೂ ಹಸುವಿನಂತೆಯೇ ಹೊಟ್ಟೆ ಹುಳಿಯಾಗಿ ಸಾಯುತ್ತದೆ ಎಂಬುದನ್ನು ಮರೆಯಬೇಡಿ.

ಮೊಳೆಯ ಮಾತು ಬಂದದ್ದರಿಂದ ಹೇಳುತ್ತೇನೆ. ಹಸು ನುಂಗಿದ ತಂತಿ, ಮೊಳೆಗಳು ರೆಟಿಕ್ಯುಲಮ್ಮಿನಲ್ಲಿ ನಿಲ್ಲುತ್ತವೆ. ಅದಕ್ಕೂ ಹೃದಯಕ್ಕೂ ನಡುವೆ ವಪೆಯ ತೆಳು ಗೋಡೆ ಮಾತ್ರ. ಗಬ್ಬದ ಹೊಟ್ಟೆ ಒತ್ತಿದಾಗಲೋ ಗುಡ್ಡ ಇಳಿಯುವಾಗಲೋ ಮೊಳೆ ಮುಂದೆ ಚುಚ್ಚಿದರೆ ಹೃದಯದ ಚೀಲ ಕೀವಾಗುತ್ತದೆ, ಆಮೇಲೆ ಉಳಿಸಿಕೊಳ್ಳುವುದು ಬಹಳ ಕಷ್ಟ. ಮನೆ ಕಟ್ಟಿಸಿದವರು, ಬೇಲಿ ಹಾಕಿಸಿದವರು ಕೊಟ್ಟಿಗೆಯ ಸುತ್ತ ಅಯಸ್ಕಾಂತ ಹಿಡಿದು ಒಮ್ಮೆ ಓಡಾಡಿ. ಹೊಸನಗರದವರೇ, ನಿಮ್ಮದು ಹೊಸ ಮನೆ, ನೀವೂ ಮಾಡಿ.

ಸೊರಬದ ಭತ್ತ:
ಹುಲ್ಲಿಗೆ ಯೂರಿಯಾ ಹಾಕಿ ಉಪಚರಿಸಿ ಎಂದು ಒಂದು ತರಬೇತಿಯಲ್ಲಿ ಹೇಳಿದರು. ಗದ್ದೆಗೆ ಹಾಕುವ ರಾಸಾಯನಿಕವನ್ನು ಹಸುವಿಗೆ ತಿನ್ನಿಸುವುದು ಪಾಪವಲ್ಲವೇ? ನನಗೆ ಅದು ಮೋಸವೆಂದೇ ಅನಿಸಿ ಎದ್ದು ಬಂದೆ.

ಪಶುವೈದ್ಯ ವಿದ್ಯಾರ್ಥಿನಿ, ಶಿವಮೊಗ್ಗ:
ನಿಮ್ಮ ಹಿಂಜರಿಕೆ ಅರ್ಥವಾಗುತ್ತದೆ, ಆದರೆ ಇದು ಮೋಸವಲ್ಲ. ರೂಮೆನ್ನಿನ ಜೀವಿಗಳು ಯೂರಿಯಾದಿಂದ ಬರುವ ಅಮೋನಿಯಾವನ್ನು ಬಳಸಿ ತಮ್ಮ ಮೈಯ ಪ್ರೋಟೀನ್ ಕಟ್ಟಿಕೊಳ್ಳುತ್ತವೆ, ಹಸು ಆ ಜೀವಿಗಳನ್ನು ಜೀರ್ಣಿಸಿಕೊಳ್ಳುತ್ತದೆ. ಹಸು ತನ್ನ ದೇಹದಲ್ಲಿ ಹುಟ್ಟುವ ಯೂರಿಯಾವನ್ನೂ ಜೊಲ್ಲಿನ ಮೂಲಕ ರೂಮೆನ್ನಿಗೆ ಮರಳಿಸುತ್ತಲೇ ಇರುತ್ತದೆ. ಫಿನ್ಲೆಂಡಿನ ಆರ್ಟುರಿ ವಿರ್ಟಾನೆನ್ ಎಂಬ ವಿಜ್ಞಾನಿ 1960ರ ದಶಕದಲ್ಲಿ ಹಸುಗಳಿಗೆ ಪ್ರೋಟೀನೇ ಇಲ್ಲದ ಶುದ್ಧೀಕರಿಸಿದ ಆಹಾರದ ಜೊತೆ ಯೂರಿಯಾ ಮತ್ತು ಅಮೋನಿಯಂ ಲವಣಗಳನ್ನು ಮಾತ್ರ ಕೊಟ್ಟು ಹಾಲು ಕರೆದು ತೋರಿಸಿದರು. ಮೇವನ್ನು ಕೆಡದಂತೆ ಕಾಯುವ ವಿಧಾನಕ್ಕಾಗಿ 1945ರ ರಸಾಯನಶಾಸ್ತ್ರದ ನೊಬೆಲ್ ಪಡೆದವರು ಇವರೇ.

ವಿಧಾನ ಇದು: 100 ಕಿಲೋ ಒಣಹುಲ್ಲಿಗೆ 4 ಕಿಲೋ ಯೂರಿಯಾವನ್ನು ನೀರಿನಲ್ಲಿ ಪೂರ್ತಿ ಕರಗಿಸಿ, ಪದರಪದರವಾಗಿ ಚಿಮುಕಿಸಿ ತುಳಿದು, ಗಾಳಿಯಾಡದಂತೆ ಪ್ಲಾಸ್ಟಿಕ್ ಹೊದಿಸಿ 3 ವಾರ ಮುಚ್ಚಿಡಬೇಕು. ಅಮೋನಿಯಾ ಹುಲ್ಲಿನ ಬಿಗಿ ನಾರನ್ನು ಸಡಿಲಿಸುತ್ತದೆ. ತೆಗೆದ ಮೇಲೆ ಗಾಳಿಗೆ ಹರಡಿ, ವಾಸನೆ ಹೋದ ಮೇಲೆ ಸ್ವಲ್ಪಸ್ವಲ್ಪವಾಗಿ ರೂಢಿಸಬೇಕು. 6 ತಿಂಗಳೊಳಗಿನ ಕರುವಿಗೆ, ಹಂದಿಗೆ, ಕುದುರೆಗೆ ಇದು ಬೇಡ. ಯೂರಿಯಾ ನೀರನ್ನು ಹಸು ನೇರವಾಗಿ ಕುಡಿದರೆ ಅದೇ ದಿನ ಸಾಯಬಹುದು, ಆದ್ದರಿಂದ ಕರಗಿಸಿದ ಬಕೆಟ್ಟನ್ನು ಕೊಟ್ಟಿಗೆಯ ಹತ್ತಿರ ಬಿಡಲೇಬೇಡಿ.

ಸೊರಬದ ಭತ್ತ:
ಕರುವಿಗೆ ಏಕೆ ಬೇಡ? ಅದಕ್ಕೂ ನಾಲ್ಕು ಹೊಟ್ಟೆಯಿದೆಯಲ್ಲ?

ಪಶುವೈದ್ಯ ವಿದ್ಯಾರ್ಥಿನಿ, ಶಿವಮೊಗ್ಗ:
ಇದೆ, ಆದರೆ ಹುಟ್ಟುವಾಗ ರೂಮೆನ್ ಬಹಳ ಚಿಕ್ಕದು ಮತ್ತು ಅಲ್ಲಿ ಜೀವಿಗಳ ಬೀಡು ಇನ್ನೂ ಕೂಡಿರುವುದಿಲ್ಲ. ಕರು ಹಾಲು ಚೀಪುವಾಗ ಅನ್ನನಾಳದ ಕೊನೆಯಲ್ಲಿ ಒಂದು ಕಾಲುವೆ ಮಡಚಿಕೊಂಡು ಹಾಲನ್ನು ನೇರವಾಗಿ ನಾಲ್ಕನೆಯ ಹೊಟ್ಟೆಗೆ ಒಯ್ಯುತ್ತದೆ. ಅಂದರೆ ಮೊದಲ ವಾರಗಳಲ್ಲಿ ಕರುವಿನ ಹೊಟ್ಟೆ ಹೆಚ್ಚುಕಡಿಮೆ ಹಂದಿಮರಿಯ ಹೊಟ್ಟೆಯಂತೆಯೇ ಕೆಲಸ ಮಾಡುತ್ತದೆ. ಅಷ್ಟಾದರೂ ಅದಕ್ಕೆ ಪಿಷ್ಟ ಜೀರ್ಣವಾಗುವುದು ಕಡಿಮೆ, ಹಾಲು ಉಳಿಸಲು ಗಂಜಿ ಕುಡಿಸುವ ಮನೆಗಳಲ್ಲಿ ಕರು ಭೇದಿಯಿಂದ ಸೊರಗುವುದು ಅದಕ್ಕೇ. ಗಿಣ್ಣುಹಾಲಿನ ರೋಗನಿರೋಧಕ ಅಂಶಗಳನ್ನು ಕರುವಿನ ಕರುಳು ಹೀರಿಕೊಳ್ಳುವುದು ಮೊದಲ 24 ಗಂಟೆ ಮಾತ್ರ, ಅದರಲ್ಲೂ ಮೊದಲ 6 ಗಂಟೆಯಲ್ಲಿ ಹೆಚ್ಚು. ಕಸ (ಮಾಸು) ಬೀಳಲಿ ಆಮೇಲೆ ಕುಡಿಸೋಣ ಎಂದು ಕಾಯುವ ಪದ್ಧತಿಯನ್ನು ದಯವಿಟ್ಟು ಬಿಡಿ.

ಮಂಡಗದ್ದೆ ಕೃಷಿಕ:
ನಮ್ಮಲ್ಲಿ ಈಗಲೂ ಕಸ ಬೀಳುವವರೆಗೆ ಕಾಯುತ್ತಾರೆ. ಈ ಸಲ ಗಬ್ಬದ ಹಸು ಒಂದಿದೆ, ಅಮ್ಮನಿಗೆ ಹೇಳಿ ನೋಡುತ್ತೇನೆ.

ಗೋಬರ್ ಗ್ಯಾಸ್, ಕೊಪ್ಪ:
ಮರಗೆಣಸಿನ ಸೊಪ್ಪಿನ ಬಗ್ಗೆಯೂ ಯಾರಾದರೂ ಹೇಳಿ. ನಮ್ಮ ಪಕ್ಕದವರ ಎರಡು ಹಸು ಅದನ್ನು ತಿಂದು ಅರ್ಧ ಗಂಟೆಯಲ್ಲಿ ಬಿದ್ದುಹೋದವು.

ನಿವೃತ್ತ ಪಶುವೈದ್ಯ, ಸಾಗರ:
ರೂಮೆನ್ ವರದಾನವೂ ಹೌದು, ಕೆಲವೊಮ್ಮೆ ಅದೇ ಅಪಾಯವೂ ಹೌದು. ಮರಗೆಣಸಿನ ಸೊಪ್ಪು ಮತ್ತು ಜೋಳದ ಎಳೆ ಪೈರಿನಲ್ಲಿ ಸಯನೈಡ್ ಕಟ್ಟಿಹಾಕಿದ ಸ್ಥಿತಿಯಲ್ಲಿರುತ್ತದೆ. ರೂಮೆನ್ನಿನ ಜೀವಿಗಳು ಅದನ್ನು ಬೇಗ ಬಿಡಿಸುತ್ತವೆ, ಹಂದಿಯ ಜಠರದ ಆಮ್ಲದಲ್ಲಿ ಅಷ್ಟು ಬೇಗ ಬಿಡುವುದಿಲ್ಲ. ಪ್ರತಿವಿಷವಿದೆ, ಆದರೆ ರಕ್ತನಾಳಕ್ಕೆ ನಿಮಿಷಗಳಲ್ಲಿ ಕೊಡಬೇಕು. ಲಂಟಾನ ತಿಂದ ದನದಲ್ಲಿಯೂ ರೂಮೆನ್ ನಿಂತುಹೋಗಿ ವಿಷ ಅಲ್ಲೇ ಉಳಿದು ದಿನಗಟ್ಟಲೆ ರಕ್ತಕ್ಕೆ ಸೇರುತ್ತಿರುತ್ತದೆ. ಅಂಥ ದನವನ್ನು ಬಿಸಿಲಿಗೆ ಕಟ್ಟಬಾರದು, ಚರ್ಮ ಸುಲಿದು ಹೋಗುತ್ತದೆ.

ಹೊಸನಗರದ ಕೊಟ್ಟಿಗೆ:
ಎಲ್ಲರಿಗೂ ಕೈಮುಗಿಯುತ್ತೇನೆ. ಮಂಗಳವಾರ ರಾತ್ರಿ ಹಸು ಎದ್ದು ನಿಂತಿತು, ಬುಧವಾರ ಬೆಳಗ್ಗೆ ಒಂದು ಹಿಡಿ ಒಣಹುಲ್ಲನ್ನು ಮೂಸಿ ತಿಂದಿತು. ವೈದ್ಯರು ನಮ್ಮದೇ ಕೊಟ್ಟಿಗೆಯ ಇನ್ನೊಂದು ಹಸುವಿನ ರೂಮೆನ್ ರಸವನ್ನು ತೆಗೆದು ನಳಿಗೆಯಲ್ಲಿ ಹಾಕಿದರು. ಅಯಸ್ಕಾಂತ ಹಿಡಿದು ಅಂಗಳದಲ್ಲಿ ಓಡಾಡಿದಾಗ ಒಂದು ಡಬ್ಬಿ ತುಂಬ ಮೊಳೆ, ತಂತಿಯ ಚೂರು ಸಿಕ್ಕವು, ಎದೆ ಝಲ್ಲೆಂದಿತು. ಒಂದು ಅನುಮಾನ ಉಳಿದಿದೆ. ಹಲಸಿನ ಕಾಲ ಮುಗಿದಿಲ್ಲ, ಮರದಡಿ ಹಣ್ಣು ಬೀಳುತ್ತಿವೆ. ಅದೂ ಅನ್ನದಂತೆಯೇ ಅಪಾಯವೇ?

ಬ್ಯಾಣದ ಅಂಚು, ತೀರ್ಥಹಳ್ಳಿ:
ಅಪಾಯವೇ. ಸೊಳೆಯ ಸಕ್ಕರೆಯೂ ಹಾಗೆಯೇ ಹುಳಿಯಾಗುತ್ತದೆ, ಬೀಜ ಗಂಟಲಲ್ಲಿ ಸಿಕ್ಕಿಕೊಂಡರೆ ತೇಗು ಹೊರಬಾರದೆ ಹೊಟ್ಟೆಯೂ ಉಬ್ಬುತ್ತದೆ. ನಾವು ಬೆಳಗ್ಗೆ ಹಣ್ಣು ಆರಿಸಿದ ಮೇಲೆಯೇ ದನ ಬಿಡುತ್ತೇವೆ. ಸಿಪ್ಪೆಯನ್ನು ಕೊಚ್ಚಿ ಹುಲ್ಲಿನ ಜೊತೆ ಸ್ವಲ್ಪ ಹಾಕಬಹುದು.

ನಿವೃತ್ತ ಪಶುವೈದ್ಯ, ಸಾಗರ:
ಸರಿಯಾಗಿ ಹೇಳಿದಿರಿ. ಮೆಲುಕು ಎಣಿಸಿದಿರಾ, ಹೊಸನಗರದವರೇ?

ಹೊಸನಗರದ ಕೊಟ್ಟಿಗೆ:
ಬುಧವಾರ ಸಂಜೆ ಎಣಿಸಿದಾಗ 22 ಇತ್ತು, ನಡುವೆ ನಿಲ್ಲಿಸಿಬಿಟ್ಟಿತು. ಈಗ ಕೊಟ್ಟಿಗೆಯ ಬಾಗಿಲಲ್ಲೇ ಕೂತು ಬರೆಯುತ್ತಿದ್ದೇನೆ, ಮೂರು ತುತ್ತು ಎಣಿಸಿದೆ: 41, 44, 47.